ಇಪ್ಪತ್ತೊಂದು ಗಂಟಿನ ದಾರ

ಆ ಊರಿನಲ್ಲಿ ನಿದ್ದೆ ಮಾಡಿದ ಕೈ ಸೂಜಿಯನ್ನು ಮುಟ್ಟುವಂತಿರಲಿಲ್ಲ.

ಅದು ಕಲ್ಲಿನ ಊರು. ಅಲ್ಲಿಯ ಜನ ಬಂಡೆ ಸೀಳಿ ಬದುಕುವವರು. ಬಂಡೆ ಸೀಳುವ ಕಡೆ ಮನುಷ್ಯರೂ ಸೀಳಿಹೋಗುತ್ತಾರೆ. ಚಕ್ಕೆ ಹಾರುತ್ತದೆ, ಉಳಿ ಜಾರುತ್ತದೆ, ಹಗ್ಗ ಕಿತ್ತುಹೋಗುತ್ತದೆ. ಹಾಗೆ ಸೀಳಿಹೋದವರನ್ನು ಹಲಗೆಯ ಮೇಲೆ ಮಲಗಿಸಿ ದಿಬ್ಬದ ಮೇಲಿನ ಹೊಲಿಗೆಮನೆಗೆ ಹೊತ್ತು ತರುತ್ತಿದ್ದರು. ಹೊಲಿಗೆಮನೆಯ ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ, ನೆಲಕ್ಕೆ ದಿನಕ್ಕೆ ಮೂರು ಸಲ ನೀರು. ಒಳಗೆ ಯಾರೂ ಓಡುವಂತಿರಲಿಲ್ಲ. ಸಾಯುವವರ ಬಳಿಗೂ ನಡೆದುಕೊಂಡೇ ಹೋಗಬೇಕು.

ಹಿಂದೆ ದೊಡ್ಡ ಬಂಡೆಯೊಂದು ಉರುಳಿ ಅರ್ಧ ಊರೇ ಸೀಳಿಹೋಯಿತಂತೆ. ಹೊಲಿಗೆಮನೆಯ ಮೊದಲ ಗುರು ಏಳು ಹಗಲು ಏಳು ರಾತ್ರಿ ಎವೆ ಮುಚ್ಚದೆ ಹೊಲಿದನಂತೆ. ಎಂಟನೆಯ ಬೆಳಗ್ಗೆ ತನ್ನ ಕಡೆಯ ಹೊಲಿಗೆಯ ಉದ್ದಕ್ಕೆ ಒಂದು ದಾರ ಹಿಡಿದು, ಹೊಲಿಗೆ ಬಿದ್ದಲ್ಲೆಲ್ಲ ಒಂದೊಂದು ಗಂಟು ಹಾಕಿ, "ಇದು ಅಳತೆ" ಎಂದು ಹೇಳಿ ಮಲಗಿದನಂತೆ. ಮತ್ತೆ ಏಳಲಿಲ್ಲ. ಆ ಕಡೆಯ ಗಾಯದವನು ಏನಾದನೆಂದು ಯಾರೂ ಹೇಳುವುದಿಲ್ಲ.

ದಾರ ಉಳಿಯಿತು. ಇಪ್ಪತ್ತೊಂದು ಗಂಟಿನ ದಾರ. ದಾರದಿಂದ ನಿಯಮ ಹುಟ್ಟಿತು: ಹತ್ತನೆಯ ದಿನ ಪ್ರತಿ ಗಾಯದ ಮೇಲೂ ದಾರ ಇಡಬೇಕು. ಪ್ರತಿ ಹೊಲಿಗೆಯೂ ಗಂಟಿಗೆ ಬಿದ್ದಿರಬೇಕು. ಬೀಳದ ಹೊಲಿಗೆಯನ್ನು ಬಿಚ್ಚಬೇಕು. ಬಿಚ್ಚಿದ್ದನ್ನು ಎಚ್ಚರದ ಕೈ ಮತ್ತೆ ಹೊಲಿಯಬೇಕು.

ದಾರವನ್ನು ಕಾಯುವವಳಿಗೆ ದಾರದಮ್ಮ ಎಂದು ಹೆಸರು. ನಲವತ್ತು ವರ್ಷಗಳಿಂದ ಒಬ್ಬಳೇ ದಾರದಮ್ಮ. ಅವಳ ಬಿಳಿ ಸೀರೆಯ ನೆರಿಗೆ ಬೆಳಗ್ಗೆ ಹೇಗಿತ್ತೋ ಸಂಜೆಯೂ ಹಾಗೆಯೇ ಇರುತ್ತಿತ್ತು. ಅವಳು ಬರುವ ಮುಂಚೆ ಅವಳ ಬೀಗದಕೈ ಗೊಂಚಲಿನ ಸದ್ದು ಬರುತ್ತಿತ್ತು. ಆ ಸದ್ದಿಗೆ ಗಾಯದವರೂ ನರಳುವುದನ್ನು ನಿಲ್ಲಿಸುತ್ತಿದ್ದರು.

ಹೊಲಿಗೆ ಕಲಿಯುವವರು ಯಾವಾಗಲೂ ಏಳು ಜನ. ಅವರನ್ನು ಎಳೆಗೈಗಳು ಎಂದು ಕರೆಯುತ್ತಿದ್ದರು. ಸೇರಿದ ದಿನ ಅವರು ತಮ್ಮ ಹೆಸರನ್ನೂ ಚಾಪೆಯನ್ನೂ ಬಾಗಿಲಲ್ಲಿ ಬಿಡಬೇಕು. ಬಾಗಿಲ ಪಕ್ಕದ ಕೊಟ್ಟಿಗೆಯಲ್ಲಿ ಚಾಪೆ ಕಾಯುವ ಮುದುಕನೊಬ್ಬ ಕೂತಿರುತ್ತಿದ್ದ. ಹನ್ನೆರಡು ವರ್ಷದ ಕಲಿಕೆ ಮುಗಿದ ಮೇಲೆ ಚಾಪೆ ವಾಪಸು ಕೊಡುವುದು ಅವನ ಕೆಲಸ. ಕೊಟ್ಟಿಗೆಯ ತುಂಬ ಸುರುಳಿ ಸುತ್ತಿದ ಚಾಪೆಗಳು ಮಾಡಿನವರೆಗೆ ಪೇರಿಕೊಂಡಿದ್ದವು. ಕೇಳಲು ಒಬ್ಬರೂ ಬಂದಿರಲಿಲ್ಲ.

ಹನ್ನೆರಡು ವರ್ಷ ಮನುಷ್ಯ ನಿದ್ದೆಯಿಲ್ಲದೆ ಬದುಕುತ್ತಾನೆಯೇ ಎಂದು ಹೊರಗಿನವರು ಕೇಳುತ್ತಿದ್ದರು. ಬದುಕುತ್ತಾನೆ. ಗೋಡೆಗೆ ಒರಗಿ, ತುತ್ತನ್ನು ಬಾಯಲ್ಲೇ ಇಟ್ಟುಕೊಂಡು, ನೀರಿನ ಕೊಡ ಎತ್ತುತ್ತ ಎತ್ತುತ್ತ, ಕಣ್ಣು ತೆರೆದುಕೊಂಡೇ ಅಷ್ಟಿಷ್ಟು ಕದ್ದು ಬದುಕುತ್ತಾನೆ. ಅದಕ್ಕೆ ಆ ಮನೆಯಲ್ಲಿ ನಿದ್ದೆ ಎನ್ನುತ್ತಿರಲಿಲ್ಲ. ಅದಕ್ಕೆ ಹೆಸರೇ ಇರಲಿಲ್ಲ.

ದಿನವೂ ಬೆಳಗ್ಗೆ ಏಳು ಎಳೆಗೈಗಳು ಸಾಲಾಗಿ ನಿಲ್ಲುತ್ತಿದ್ದರು.

"ಕಾಲು ಜೋಡಿಸಿ ನಿಂತುಕೊಳ್ಳಿ. ಉಗುರು ತೋರಿಸಿ. ಎಲೆ ತೆಗೆದುಕೊಳ್ಳಿ."

ತಲೆಗೊಂದು ಎಳೆಯ ಬಾಳೆಯೆಲೆ. ದಾರದಮ್ಮ ಅದನ್ನು ತಾನೇ ಉಗುರಿನಿಂದ ಸೀಳಿ ಕೊಡುತ್ತಿದ್ದಳು. ಅವರು ಅದನ್ನು ಹೊಲಿಯಬೇಕು. ಹೊಲಿದ ಎಲೆಯ ಮೇಲೆ ಅವಳು ದಾರ ಇಡುತ್ತಿದ್ದಳು. ಹೊಸಬರ ಹೊಲಿಗೆ ಮೊದಮೊದಲು ಗಂಟಿಗೆ ಬೀಳುತ್ತಿರಲಿಲ್ಲ. ಎಚ್ಚರದ ನಾಲ್ಕನೆಯ ದಿನ, ಐದನೆಯ ದಿನ, ಅದು ತಾನಾಗಿಯೇ ಬೀಳತೊಡಗುತ್ತಿತ್ತು. ಮೂರು ಹೊಲಿಗೆ ಹತ್ತಿರ, ಒಂದು ದೂರ, ಎರಡು ಒಂದರ ಮೇಲೊಂದು. "ಕೈ ದಾರಕ್ಕೆ ಬಂತು" ಎನ್ನುತ್ತಿದ್ದಳು ದಾರದಮ್ಮ. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಮಾತಿರಲಿಲ್ಲ. ಅದನ್ನು ಕೇಳಿದವರು ಅಳುತ್ತಿದ್ದರು.

ಏಳು ಜನರಲ್ಲಿ ಕಡೆಗೆ ಸೇರಿದವಳು ಏಳನೆಯವಳು. ಅವಳ ಕೈ ದಾರಕ್ಕೆ ಬಂದ ದಿನವೇ ಜಲ್ಲಿ ಒಡೆಯುವ ಹೆಂಗಸೊಬ್ಬಳನ್ನು ಹೊತ್ತು ತಂದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ತೋಳು ಬಿಚ್ಚಿಕೊಂಡಿತ್ತು. ಬಾಯಿ ಮಾತ್ರ ಮುಚ್ಚಿರಲಿಲ್ಲ.

"ಸಣ್ಣಗೆ ಹಾಕವ್ವ, ಮುಂದಿನ ವಾರ ತಂಗಿ ಮದುವೆ. ಬಳೆ ತುಂಬ ಹಾಕ್ಕೋಬೇಕು. ಏ, ನನ್ನ ಕಡೆ ನೋಡ್ಕೊಂಡು ಹಾಕು. ಎಲ್ಲೋ ನೋಡ್ತಿದೀಯಲ್ಲೇ?"

"ಇಲ್ಲೇ ನೋಡ್ತಿದೀನಿ ಅಕ್ಕ."

ಏಳನೆಯವಳು ಅಲ್ಲೇ ನೋಡುತ್ತಿದ್ದಳು. ಕಣ್ಣು ಅಲ್ಲೇ ಇತ್ತು. ಆದರೆ ನಡುನಡುವೆ ತೋಳು ಇರಲಿಲ್ಲ, ಸೂಜಿ ಇರಲಿಲ್ಲ, ಬರೀ ಬಿಳುಪು ಇತ್ತು. ಮತ್ತೆ ತೋಳು ಬರುತ್ತಿತ್ತು. ಮೂರು ಹತ್ತಿರ, ಒಂದು ದೂರ, ಎರಡು ಒಂದರ ಮೇಲೊಂದು. ದಾರದಮ್ಮ ನೋಡಿ ತಲೆಯಾಡಿಸಿದಳು. ಏಳನೆಯ ದಿನಕ್ಕೆ ತೋಳು ಕುಂಬಳಕಾಯಿಯಂತೆ ಊದಿತು. ಎಂಟನೆಯ ದಿನ ಜಲ್ಲಿಯವಳು ಸತ್ತಳು.

"ಹೊಲಿಗೆ ಸರಿಯಾಗಿತ್ತು," ಎಂದಳು ದಾರದಮ್ಮ. "ಗಾಯ ತಪ್ಪಾಗಿತ್ತು. ನೆಲ ಒರೆಸಿ."

ಆ ಮಧ್ಯಾಹ್ನ ಏಳನೆಯವಳು ಚಾಪೆ ಕಾಯುವವನಿಗೆ ಗಂಜಿ ಕೊಡಲು ಕೊಟ್ಟಿಗೆಗೆ ಹೋದಳು. ತಟ್ಟೆ ಇಟ್ಟಳು. ಚಾಪೆಗಳ ರಾಶಿಗೆ ಬೆನ್ನು ತಾಗಿತು. ಅಷ್ಟೇ. ಅವಳು ಎದ್ದಾಗ ಗಂಜಿಯ ಮೇಲೆ ಕೆನೆ ಕಟ್ಟಿತ್ತು, ಮುದುಕ ಬಾಗಿಲಿಗೆ ಅಡ್ಡ ಕೂತಿದ್ದ.

"ಅಯ್ಯೋ ತಾತ, ಎಬ್ಬಿಸಬಾರದಿತ್ತಾ?"

"ಎಬ್ಬಿಸೋದು ನನ್ನ ಕೆಲಸ ಅಲ್ಲವ್ವ. ಚಾಪೆ ಕಾಯೋದು ನನ್ನ ಕೆಲಸ. ನೀನು ಚಾಪೆ ಮೇಲಿದ್ದೆ, ನಿನ್ನನ್ನೂ ಕಾಯ್ದೆ."

"ಯಾರಾದರೂ ಕೇಳಿದರಾ?"

"ಮೊದಲನೆಯವನು ಬಂದಿದ್ದ. ಅವಳು ಒಳಗೆ ಚಾಪೆ ಎಣಿಸ್ತಿದಾಳೆ ಅಂದೆ. ಪಾಪ, ಅವನು ಆ ಕಂಬಕ್ಕೆ ಕೈಮುಗಿದು ಹೊರಟುಹೋದ."

ಎಳೆಗೈಗಳಲ್ಲಿ ಹಳಬ ಮೊದಲನೆಯವನು. ಹನ್ನೊಂದು ವರ್ಷ ತುಂಬಿಸಿದ್ದ. ಕಂಬಕ್ಕೂ ಮನುಷ್ಯರಿಗೂ ವ್ಯತ್ಯಾಸ ಮಾಡುವುದನ್ನು ಈಚೆಗೆ ಬಿಟ್ಟಿದ್ದ.

ಮರುದಿನ ಏಳನೆಯವಳು ಎಲೆ ಹೊಲಿದಳು. ಕೈ ಕೈಯ ಹಾಗೆಯೇ ಇತ್ತು. ಎಲೆ ಕೂಡ ಎಲೆಯ ಹಾಗೆಯೇ ಇತ್ತು. ಇರುವೆ ಸಾಲಿನಂತೆ ಹೊಲಿಗೆ ನಡೆಯಿತು. ದಾರದಮ್ಮ ದಾರ ಇಟ್ಟಳು. ಒಂದು ಹೊಲಿಗೆಯೂ ಗಂಟಿಗೆ ಬೀಳಲಿಲ್ಲ.

ಆಗ ಏಳನೆಯವಳು ದಾರವನ್ನು ಮೊದಲ ಸಲ ನೋಡಿದಳು.

"ಅಮ್ಮಾ, ಗಂಟುಗಳು ಸಮ ಇಲ್ಲ."

ಆರು ಎಳೆಗೈಗಳು ತಲೆ ತಗ್ಗಿಸಿ ನಗು ಅದುಮಿದರು. ಮೊದಲನೆಯವನು ಬಗ್ಗಿ ನೋಡಿ, "ನನಗೆ ಸಮವೇ ಕಾಣ್ತಿದೆಯಲ್ಲಮ್ಮಾ. ಇವಳ ಕಣ್ಣಿಗೆ ಸೊಪ್ಪು ಹಿಂಡಬೇಕು" ಎಂದ.

"ಅಮ್ಮಾ, ಇವನ ಎಲೆಯ ಮೇಲೆ ಒಂದು ಲೋಟ ನೀರು ಹಾಕಿ ನೋಡಿ. ನನ್ನ ಎಲೆಯ ಮೇಲೂ ಹಾಕಿ." ಹೇಳುತ್ತಲೇ ಅವಳು ಹಾಕಿಬಿಟ್ಟಳು. ಮೊದಲನೆಯವನ ಎಲೆಯಿಂದ ನೀರು ದೂರದ ಹೊಲಿಗೆಗಳ ನಡುವೆ ಧಾರೆಯಾಗಿ ಇಳಿದು ಅವನ ಪಾದ ತೊಳೆಯಿತು. ಏಳನೆಯವಳ ಎಲೆಯಲ್ಲಿ ನೀರು ಹಾಗೆಯೇ ನಿಂತು, ಅದರೊಳಗೆ ಮಾಡಿನ ತೊಲೆ ಕಾಣಿಸಿತು.

ದಾರದಮ್ಮ ಆ ನೀರನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬೀಗದಕೈ ಗೊಂಚಲನ್ನು ಏಳನೆಯವಳ ಬೆರಳ ಗೆಣ್ಣಿಗೆ ಒಮ್ಮೆ ಬಡಿದಳು. ಗಟ್ಟಿಯಾಗಿ ಅಲ್ಲ, ಸರಿಯಾಗಿ.

"ಈ ಮನೆಯಲ್ಲಿ ನಾವು ನೀರಿಗೆ ಹೊಲಿಯುವುದಿಲ್ಲ. ದಾರಕ್ಕೆ ಹೊಲಿಯುತ್ತೇವೆ. ನೆಲ ಒದ್ದೆಯಾಗಿದೆ. ಒರೆಸು."

ಅಂದಿನಿಂದ ಏಳನೆಯವಳು ಎಲೆಗಳನ್ನು ಬೇಕೆಂದೇ ಸೊಟ್ಟಗೆ ಹೊಲಿದಳು, ಮನುಷ್ಯರನ್ನು ನೆಟ್ಟಗೆ. ದಿನವೂ ಮಧ್ಯಾಹ್ನ ಗಂಜಿ ಕೊಡಲು ಹೋದವಳು ಚಾಪೆಗಳ ನಡುವೆ ಮಲಗುತ್ತಿದ್ದಳು. ಮುದುಕ ಬಾಗಿಲಿಗೆ ಅಡ್ಡ ಕೂರುತ್ತಿದ್ದ. ಎದ್ದು ಬಂದು ಅವಳು ಹೊಲಿದ ಗಾಯಗಳು ಎಂಟು ದಿನಕ್ಕೆಲ್ಲ ಕೂಡಿಕೊಂಡವು. ಎಂಟನೆಯ ದಿನವೇ ಅವಳು ಹೊಲಿಗೆ ಎಳೆದು ತೆಗೆದು, "ಓಡಿಹೋಗಿ, ಹತ್ತನೆಯ ದಿನಕ್ಕೆ ಇಲ್ಲಿರಬೇಡಿ" ಎಂದು ಹಿತ್ತಲ ಬಾಗಿಲಿನಿಂದ ಅವರನ್ನು ಕಳಿಸಿಬಿಡುತ್ತಿದ್ದಳು. ಹಾಗೆ ಒಂಬತ್ತು ಜನ ಮನೆ ಸೇರಿದರು. ಹೊಟ್ಟೆ ಸೀಳಿಸಿಕೊಂಡಿದ್ದ ಉಳಿ ಮಸೆಯುವವನು ಒಂದು ಬುಟ್ಟಿ ಸೀತಾಫಲ ಕಳಿಸಿದ. ಏಳನೆಯವಳು ಮತ್ತು ಮುದುಕ ಚಾಪೆಗಳ ಹಿಂದೆ ಕೂತು ತಿಂದರು, ಬೀಜಗಳನ್ನು ನೆಲದಲ್ಲಿ ಹೂತರು.

ಒಂದು ಬೆಳಗ್ಗೆ, ಎಲೆಗಳ ಹೊತ್ತಿನಲ್ಲಿ, ದಾರದಮ್ಮ ಮೊದಲನೆಯವನ ಎಲೆಯ ಮೇಲೆ ಬಗ್ಗಿದ್ದಳು. ಅವನು ದಾರ ಕತ್ತರಿಸುವ ಚೂರಿ ಹಿಡಿದು ಪಕ್ಕದಲ್ಲಿ ನಿಂತಿದ್ದ. ಅವನ ಕಣ್ಣು ತೆರೆದೇ ಇತ್ತು. ಕಾಲು ಜೋಡಿಸಿಯೇ ಇತ್ತು. ನಿಂತಂತೆಯೇ, ಕಡಿದ ಮರ ಬೀಳುವ ಹಾಗೆ, ಅವನು ಚೂರಿಯ ಸಮೇತ ಅವಳ ಮೇಲೆ ಬಿದ್ದ. ಪಕ್ಕೆಯಿಂದ ಹೊಕ್ಕುಳದವರೆಗೆ ಬಿಳಿ ಸೀರೆ ಬಿಚ್ಚಿಕೊಂಡಿತು. ಸೀರೆಯ ಒಳಗಿದ್ದುದೂ ಬಿಚ್ಚಿಕೊಂಡಿತು.

ಮೊದಲನೆಯವನು ನೆಲದಿಂದ ತಲೆಯೆತ್ತಿ, "ನಾನು ನಿದ್ದೆ ಮಾಡಲಿಲ್ಲ ಅಮ್ಮಾ" ಎಂದ.

"ಗೊತ್ತಿದೆ," ಎಂದಳು ದಾರದಮ್ಮ. ಎರಡು ಕೈಯಿಂದಲೂ ಹೊಟ್ಟೆ ಹಿಡಿದುಕೊಂಡಿದ್ದಳು. "ನೆಲ ಜಾರುತ್ತಿತ್ತು. ಇವತ್ತು ನೆಲ ಒರೆಸಿದವರು ಯಾರು?"

ಅವಳನ್ನು ಹಲಗೆಯ ಮೇಲೆ ಮಲಗಿಸಿದರು. ಏಳು ಮುಖಗಳು ಅವಳ ಮೇಲೆ ಬಗ್ಗಿದವು. ನಿಯಮದಂತೆ ಅತಿ ಎಚ್ಚರದ ಕೈ ಹೊಲಿಯಬೇಕು. ಅಂದರೆ ಮೊದಲನೆಯವನ ಕೈ. ಅವನು ಸೂಜಿಗೆ ದಾರ ಪೋಣಿಸಲು ನೋಡಿದ. ಮೂರು ಸಲ ದಾರವನ್ನು ಸೂಜಿಯ ಪಕ್ಕದ ಗಾಳಿಗೆ ಪೋಣಿಸಿದ. ನಾಲ್ಕನೆಯ ಸಲವೂ ಗಾಳಿಗೇ ಪೋಣಿಸಿ, "ಆಯಿತಮ್ಮಾ, ಶುರು ಮಾಡಲೇ?" ಎಂದು ಕೇಳಿದ.

ದಾರದಮ್ಮ ಒಂದೊಂದಾಗಿ ಏಳು ಮುಖಗಳನ್ನೂ ನೋಡಿದಳು.

"ಆರು ಜನ ಹೊರಗೆ ಹೋಗಿ. ಗೋಡೆಗೆ ಮುಖ ಮಾಡಿ ನಿಂತುಕೊಳ್ಳಿ. ಏಳನೆಯವಳು ಇರಲಿ."

ಬಾಗಿಲು ಮುಚ್ಚಿತು.

"ನಿನ್ನ ಕಣ್ಣಿನ ಕೆಳಗೆ ಕಪ್ಪಿಲ್ಲ," ಎಂದಳು ದಾರದಮ್ಮ. "ಕೆನ್ನೆಯ ಮೇಲೆ ಚಾಪೆಯ ಗೆರೆ ದಿನಾ ಮಧ್ಯಾಹ್ನ ಇರುತ್ತದೆ. ಒಂಬತ್ತು ಜನರನ್ನು ಎಂಟನೆಯ ದಿನ ಹಿತ್ತಲಿನಿಂದ ಕಳಿಸಿದ್ದೀಯೆ. ನಾನು ಎಣಿಸುತ್ತೇನೆ."

ಏಳನೆಯವಳ ಕೈ ಕೆನ್ನೆಗೆ ಹೋಯಿತು.

"ನಿನ್ನೆ ಮಲಗಿದ್ದೆಯಾ?"

"ಹೌದಮ್ಮ."

"ಚೆನ್ನಾಗಿ?"

"ಚೆನ್ನಾಗಿ."

ದಾರದಮ್ಮ ಕಣ್ಣು ಮುಚ್ಚಿದಳು. ಅದನ್ನು ಯಾರೂ ಅದುವರೆಗೆ ಕಂಡಿರಲಿಲ್ಲ.

"ಹೊಲಿ," ಎಂದಳು.

ಏಳನೆಯವಳು ಇಪ್ಪತ್ತೊಂದು ಹೊಲಿಗೆ ಹಾಕಿದಳು. ಒಂದರ ಪಕ್ಕ ಒಂದು, ಹಲ್ಲಿನ ಸಾಲಿನಂತೆ. ಎಂಟನೆಯ ದಿನಕ್ಕೆ ಗಾಯ ಕೂಡಿ ಗುಲಾಬಿ ಬಣ್ಣದ ಗೆರೆಯಾಯಿತು.

"ಅಮ್ಮಾ, ಗಾಯ ಒಣಗಿದೆ. ಇವತ್ತೇ ಹೊಲಿಗೆ ತೆಗೆದುಬಿಡಲೇ?"

"ಹತ್ತನೆಯ ದಿನ," ಎಂದಳು ದಾರದಮ್ಮ.

ಏಳನೆಯವಳು ಕೊಟ್ಟಿಗೆಗೆ ಹೋಗಿ ಅದನ್ನು ಹೇಳಿದಳು. ಮುದುಕ ನಕ್ಕ.

"ಹೆದರಬೇಡ ಮಗಳೇ. ಊರವರ ಹೊಟ್ಟೆ ಮೇಲೆ ದಾರ ಇಡೋದು ಸುಲಭ. ತನ್ನ ಹೊಟ್ಟೆ ಮೇಲೆ ಯಾರು ಇಟ್ಕೋತಾರೆ? ನೋಡ್ತಿರು, ಹತ್ತನೇ ದಿನ ಆ ದಾರ ಎಲ್ಲೋ ಕಳೆದುಹೋಗಿರುತ್ತೆ. ಆಮೇಲೆ ನೀವೆಲ್ಲ ಬಂದು ಚಾಪೆ ಕೇಳ್ತೀರಿ. ನನಗೇ ಕೆಲಸ ಜಾಸ್ತಿ."

ಹತ್ತನೆಯ ದಿನ ದಾರದಮ್ಮ ಹೊಸ ಸೀರೆ ಉಟ್ಟು ತಾನೇ ನಡೆದುಕೊಂಡು ಅಂಗಳಕ್ಕೆ ಬಂದಳು. ಊರಿನ ಹಿರಿಯರನ್ನು ಕರೆಸಿದ್ದಳು. ಎಳೆಗೈಗಳು ಸಾಲಾಗಿ ನಿಂತಿದ್ದರು. ಅವಳು ಹಲಗೆಯ ಮೇಲೆ ಮಲಗಿ, ಸೀರೆಯನ್ನು ಬೇಕಾದಷ್ಟೇ ಸರಿಸಿ, ತನ್ನ ಕೈಯಾರೆ ದಾರವನ್ನು ಗಾಯದ ಮೇಲೆ ಎಳೆದಿಟ್ಟಳು.

"ಓದು," ಎಂದಳು ಮೊದಲನೆಯವನಿಗೆ.

ಅವನು ಬಗ್ಗಿ, ಬೆರಳಿನಿಂದ ಒಂದೊಂದನ್ನೂ ಮುಟ್ಟಿ, ಎರಡು ಸಲ ನಡುವೆ ನಿಂತುಹೋಗಿ, ಮತ್ತೆ ಮೊದಲಿನಿಂದ ಎಣಿಸಿದ.

"ಮೊದಲನೆಯದು ಬಿದ್ದಿದೆಯಮ್ಮ. ಅಲ್ಲಿಂದಲೇ ದಾರ ಹಿಡಿದಿದ್ದೀರಿ. ಉಳಿದ ಇಪ್ಪತ್ತು ಬಿದ್ದಿಲ್ಲ."

"ಹಾಗಾದರೆ ಏನು?"

ಆರು ಎಳೆಗೈಗಳು ಒಟ್ಟಿಗೆ ಹೇಳಿದರು: "ಬೀಳದ ಹೊಲಿಗೆಯನ್ನು ಬಿಚ್ಚಬೇಕು. ಬಿಚ್ಚಿದ್ದನ್ನು ಎಚ್ಚರದ ಕೈ ಮತ್ತೆ ಹೊಲಿಯಬೇಕು."

"ಗಾಯ ಕೂಡಿದೆ!" ಏಳನೆಯವಳು ಕೂಗಿದಳು. "ನೀವು ನಡೆದುಕೊಂಡು ಬಂದಿರಿ. ಎಲ್ಲರೂ ನೋಡಿದರು!"

"ಕಿರುಚಬೇಡ," ಎಂದಳು ದಾರದಮ್ಮ. "ಹೊಲಿದವಳೇ ಬಿಚ್ಚುತ್ತಾಳೆ. ಹೊಲಿದವಳೇ ಮತ್ತೆ ಹೊಲಿಯುತ್ತಾಳೆ. ಆದರೆ ಮೊದಲ ಗುರುವಿನ ಹಾಗೆ. ಏಳು ಹಗಲು, ಏಳು ರಾತ್ರಿ, ಕದಿಯದೆ. ನಾನೇ ಎದುರು ಕೂರುತ್ತೇನೆ."

ಹಿತ್ತಲ ಬಾಗಿಲು ತೆರೆದೇ ಇತ್ತು. ಏಳನೆಯವಳು ಅದರ ಕಡೆ ನೋಡಿದ್ದನ್ನು ದಾರದಮ್ಮ ನೋಡಿದಳು.

"ಹೋಗಬಹುದು. ನೀನು ಹೋದರೆ ಆ ಒಂಬತ್ತು ಜನರನ್ನು ಕರೆಸುತ್ತೇನೆ. ಅವರ ಗಾಯದ ಮೇಲೂ ದಾರ ಇಟ್ಟಿಲ್ಲ."

ಏಳನೆಯವಳು ಒಂಬತ್ತು ಜನರನ್ನು ನೆನೆದಳು. ಸೀತಾಫಲದವನ ಹೊಟ್ಟೆಯನ್ನು ನೆನೆದಳು.

"ನಾನು ಎದ್ದಿದ್ದರೆ ಅವರನ್ನು ಬಿಡುತ್ತೀರಾ?"

"ನಾನು ಕರೆಸುವುದಿಲ್ಲ. ನನ್ನ ಮಾತು ನಿನಗೆ ಗೊತ್ತು."

ಗೊತ್ತಿತ್ತು. ನಲವತ್ತು ವರ್ಷಗಳಲ್ಲಿ ಅವಳು ಒಂದು ಮಾತನ್ನೂ ಮುರಿದಿರಲಿಲ್ಲ.

ಮೊದಲು ಚಾಪೆಗಳನ್ನು ಸುಟ್ಟರು. ಸುಡುವ ಕೆಲಸವನ್ನು ಮುದುಕನಿಗೇ ಕೊಟ್ಟರು. ಅವನು ಒಂದೊಂದನ್ನೇ ಬಿಚ್ಚಿ, ಧೂಳು ಕೊಡವಿ, ಬೆಂಕಿಗೆ ಹಾಸಿದ. "ಇದು ಸರಿಯವ್ವ, ಕಾಯೋ ಕಷ್ಟ ತಪ್ಪಿತು. ಈ ವಯಸ್ಸಿಗೆ ಯಾರಿಗೆ ಬೇಕಿತ್ತು?" ಎನ್ನುತ್ತಿದ್ದ. ಹೊಗೆ ಕಣ್ಣಿಗೆ ಹೋಗಿದೆ ಎಂದು ಮೂರು ದಿನ ಕಣ್ಣು ಒರೆಸಿಕೊಂಡ.

ಏಳನೆಯವಳನ್ನು ಬೆನ್ನಿಲ್ಲದ ಮಣೆಯ ಮೇಲೆ ಕೂರಿಸಿದರು. ಬಲಗೈಗೆ ಹಿತ್ತಾಳೆಯ ಸೌಟು ಕೊಟ್ಟರು, ಕೈಯ ಕೆಳಗೆ ಹಿತ್ತಾಳೆಯ ಹರಿವಾಣ ಇಟ್ಟರು. ಕೈ ಸಡಿಲವಾದರೆ ಸೌಟು ಬೀಳುತ್ತದೆ, ಹರಿವಾಣ ಕೂಗುತ್ತದೆ. ಎದುರಿಗೆ ದಾರದಮ್ಮ, ಅವಳಿಗೂ ಬೆನ್ನಿಲ್ಲದ ಮಣೆ, ಅವಳ ಕೈಯಲ್ಲೂ ಸೌಟು.

ಮೊದಲ ದಿನ ಹರಿವಾಣ ಕೂಗಲಿಲ್ಲ. ಎರಡನೆಯ ದಿನ ನಾಲ್ಕು ಸಲ ಕೂಗಿತು. ಮೂರನೆಯ ದಿನ ಎಣಿಸಲಾಗಲಿಲ್ಲ. ದಾರದಮ್ಮನ ಹರಿವಾಣ ಒಮ್ಮೆಯೂ ಕೂಗಲಿಲ್ಲ. ಸೌಟು ಬಿದ್ದಾಗಲೆಲ್ಲ ಅವಳು ಹೇಳುತ್ತಿದ್ದಳು: "ಎತ್ತಿಕೋ. ನೆಟ್ಟಗೆ ಕೂತುಕೋ."

ನಾಲ್ಕನೆಯ ದಿನ ಏಳನೆಯವಳು ಕೇಳಿದಳು: "ಅಮ್ಮಾ, ನಿಮಗೆ ಗಂಟುಗಳು ಸಮ ಕಾಣ್ತವಾ?"

"ಕಾಣಬೇಕು."

"ನೀರು ನಿಂತದ್ದನ್ನು ನೀವು ನೋಡಿದಿರಿ."

"ನೋಡಿದೆ."

"ನನ್ನ ಕೈಯಲ್ಲೇ ಹೊಲಿಸಿಕೊಂಡಿರಿ. ಅವನ ಕೈಯಲ್ಲಿ ಅಲ್ಲ."

"ಹೆದರಿದ್ದೆ," ಎಂದಳು ದಾರದಮ್ಮ. "ಅದಕ್ಕೆ ಶಿಕ್ಷೆ ಆಗಬೇಕು. ಆಗುತ್ತಿದೆ." ಆಮೇಲೆ ಸೌಟನ್ನು ಇನ್ನೂ ಗಟ್ಟಿಯಾಗಿ ಹಿಡಿದು ಹೇಳಿದಳು: "ನನಗೊಬ್ಬ ತಂಗಿಯಿದ್ದಳು. ಅವಳ ತೊಡೆಯ ಗಾಯ ಕೂಡಿತ್ತು. ಹತ್ತನೆಯ ದಿನ ದಾರಕ್ಕೆ ಬೀಳಲಿಲ್ಲ. ಬಿಚ್ಚಿದವಳು ನಾನು. ಆಮೇಲೆ ಮುನ್ನೂರು ಜನರನ್ನು ಬಿಚ್ಚಿಸಿದ್ದೇನೆ. ನನ್ನ ಹೊಟ್ಟೆಯ ಮೇಲೆ ನೀನು ಹಾಕಿದ್ದೀಯಲ್ಲ, ಆ ಹೊಲಿಗೆ ಸರಿ ಎನ್ನು. ಆಗ ಅವರನ್ನೆಲ್ಲ ನಾನು ಏನು ಮಾಡಿದ ಹಾಗಾಯಿತು?"

ಏಳನೆಯವಳ ಸೌಟು ಬಿತ್ತು.

"ಎತ್ತಿಕೋ. ನೆಟ್ಟಗೆ ಕೂತುಕೋ."

ಐದನೆಯ ದಿನ ಏಳನೆಯವಳು ಜಲ್ಲಿ ಒಡೆಯುವವಳ ಜೊತೆ ಮಾತಾಡಿದಳು. ಬಳೆ ಹಿಡಿಸಿದವೇ ಎಂದು ಕೇಳಿದಳು. ಆರನೆಯ ದಿನ ಅತ್ತಳು, ಯಾಕೆಂದು ಮರೆತು ನಿಲ್ಲಿಸಿದಳು. ಏಳನೆಯ ದಿನ ಸೌಟು ಒಮ್ಮೆಯೂ ಬೀಳಲಿಲ್ಲ.

ಎಂಟನೆಯ ಬೆಳಗ್ಗೆ ದಾರದಮ್ಮ ಹಲಗೆಯ ಮೇಲೆ ಮಲಗಿದಳು. ಬಾಯಿಗೆ ಬಟ್ಟೆ ಬೇಡ ಎಂದಳು.

ಏಳನೆಯವಳು ತನ್ನ ಬೀಳದ ಇಪ್ಪತ್ತು ಹೊಲಿಗೆಗಳನ್ನು ಬಿಚ್ಚಿದಳು. ಗುಲಾಬಿ ಗೆರೆಯನ್ನು ಚೂರಿಯಿಂದ ಮತ್ತೆ ತೆರೆದಳು. ದಾರದಮ್ಮ ಮಾಡಿನ ತೊಲೆಗಳನ್ನು ಎಣಿಸುತ್ತಿದ್ದಳು, ಗಟ್ಟಿಯಾಗಿ, ತಪ್ಪಿಲ್ಲದೆ. ಆಮೇಲೆ ಏಳನೆಯವಳು ಹೊಲಿಯತೊಡಗಿದಳು. ಅವಳು ಪ್ರಯತ್ನಪಡಲಿಲ್ಲ. ಸೊಟ್ಟ ಮಾಡಬೇಕೆಂದುಕೊಳ್ಳಲಿಲ್ಲ, ನೆಟ್ಟಗೆ ಮಾಡಬೇಕೆಂದೂ ಅಂದುಕೊಳ್ಳಲಿಲ್ಲ. ಹೊಟ್ಟೆ ಇರುತ್ತಿತ್ತು, ಇರುತ್ತಿರಲಿಲ್ಲ, ಬಿಳುಪು ಇರುತ್ತಿತ್ತು, ಮತ್ತೆ ಹೊಟ್ಟೆ ಇರುತ್ತಿತ್ತು. ಮೂರು ಹತ್ತಿರ, ಒಂದು ದೂರ, ಎರಡು ಒಂದರ ಮೇಲೊಂದು.

ಮುಗಿದಾಗ ಮೊದಲನೆಯವನು ದಾರ ಇಟ್ಟ.

"ಇಪ್ಪತ್ತೊಂದಕ್ಕೆ ಇಪ್ಪತ್ತೊಂದೂ ಬಿದ್ದಿದೆ!" ಎಂದ. ಅವನ ಕಣ್ಣಲ್ಲಿ ನೀರಿತ್ತು. ಹನ್ನೊಂದು ವರ್ಷದಲ್ಲಿ ಅವನ ಕೈ ಹದಿನೇಳನ್ನು ದಾಟಿರಲಿಲ್ಲ.

ದಾರದಮ್ಮ ತಲೆಯೆತ್ತಿ ತನ್ನ ಹೊಟ್ಟೆಯನ್ನು ನೋಡಿಕೊಂಡಳು. ಎರಡು ಹೊಲಿಗೆ ಒಂದರ ಮೇಲೊಂದು ಬಿದ್ದಲ್ಲಿ ಮಾಂಸ ಗುಪ್ಪೆಯಾಗಿತ್ತು. ದೂರ ಇದ್ದಲ್ಲಿ ಬಾಯಿ ತೆರೆದಿತ್ತು.

"ಕೈ ದಾರಕ್ಕೆ ಬಂತು," ಎಂದಳು.

ನಾಲ್ಕನೆಯ ದಿನ ತೆರೆದ ಬಾಯಿಗಳಿಂದ ಕೀವು ಇಳಿಯಿತು. ಆರನೆಯ ದಿನ ಅವಳು ಏಳನೆಯವಳನ್ನು ಕರೆದಳು. ಏಳನೆಯವಳು ಕಾಲು ಜೋಡಿಸಿ ನಿಂತಳು. ದಾರದಮ್ಮ ಏನಾದರೂ ಹೇಳುತ್ತಾಳೆಂದು ಎಲ್ಲರೂ ಕಾದರು.

"ಹೊದಿಕೆಯ ಅಂಚು ಸೊಟ್ಟಗಿದೆ," ಎಂದಳು ದಾರದಮ್ಮ. "ಸರಿಮಾಡು."

ಏಳನೆಯವಳು ಸರಿಮಾಡುವಷ್ಟರಲ್ಲಿ ಅವಳು ಸತ್ತಿದ್ದಳು.

ನಿದ್ದೆ ಮಾಡಿದ ಕೈಯ ಮೊದಲ ಹೊಲಿಗೆ ಒಳಗೆ ವಿಷ ಬಿಟ್ಟುಹೋಗಿತ್ತು, ಎರಡನೆಯ ಹೊಲಿಗೆ ತಡವಾಗಿ ಬಂತು ಎಂದು ಊರಿನ ಹಿರಿಯರು ಹೇಳಿದರು. ಇಪ್ಪತ್ತೊಂದು ಗಂಟಿಗೂ ಬಿದ್ದ ಕೈ ಇದೊಂದೇ ಎಂದೂ ಹೇಳಿದರು. ದಾರವನ್ನು ಏಳನೆಯವಳಿಗೆ ಕೊಟ್ಟರು. ಬೀಗದಕೈ ಗೊಂಚಲನ್ನು ಅವಳ ಸೊಂಟಕ್ಕೆ ಸಿಕ್ಕಿಸಿದರು. ದಾರದಮ್ಮನಾದವಳಿಗೆ ನಿದ್ದೆ ಮಾಡುವ ಹಕ್ಕಿದೆ. ಮುದುಕ ಮೂರು ದಿನ ಕೂತು ಹೊಸ ಚಾಪೆ ಹೆಣೆದು ಅವಳ ಕೋಣೆಯಲ್ಲಿ ಹಾಸಿದ.

ಅವಳು ಅದರ ಮೇಲೆ ಮಲಗಿದಳು. ನಿದ್ದೆ ಬರಲಿಲ್ಲ. ಮರುದಿನ ಮಲಗಿದಳು, ಬರಲಿಲ್ಲ. ಹತ್ತು ದಿನ ಮಲಗಿದಳು. ಹನ್ನೊಂದನೆಯ ಮಧ್ಯಾಹ್ನ ಮುದುಕ ಅವಳಿಗೆ ಗಂಜಿ ತಂದ. ಅವಳು ಚಾಪೆಯನ್ನು ಸುತ್ತಿ ಗೋಡೆಗೆ ನಿಲ್ಲಿಸಿ, ಕಿಟಕಿಯ ಬೆಳಕಿಗೆ ದಾರ ಹಿಡಿದುಕೊಂಡು ನಿಂತಿದ್ದಳು. ಅವಳ ಕೆನ್ನೆಯ ಮೇಲೆ ಗೆರೆಗಳಿರಲಿಲ್ಲ.

ದಾರ ಅವಳ ಕೈಯಲ್ಲಿರುವುದನ್ನು ಕಂಡು ಮುದುಕನಿಗೆ ಸಂತೋಷವಾಯಿತು. ಗಂಜಿ ಇಟ್ಟು ಹತ್ತಿರ ಬಂದ.

"ಈಗ ನಿನ್ನ ಕೈಲೇ ಇದೆಯಲ್ಲ ಮಗಳೇ. ಒಲೆಗೆ ಹಾಕು, ಒಂದು ಕ್ಷಣ ಸಾಕು. ನಾನು ಬಾಗಿಲಿಗೆ ಅಡ್ಡ ಕೂತ್ಕೋತೀನಿ. ದಾರ ಎಲ್ಲಿ ಅಂದ್ರೆ ಇಲಿ ಕಚ್ಕೊಂಡು ಹೋಯ್ತು ಅನ್ನೋಣ. ನೀನೇ ಅಂದಿದ್ಯಲ್ಲ, ಗಂಟು ಸಮ ಇಲ್ಲ ಅಂತ."

ಅವಳು ದಾರವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಬೆರಳಿನಿಂದ ಮುಟ್ಟಿ ನೋಡಿದಳು. ಇನ್ನೊಮ್ಮೆ, ಆ ತುದಿಯಿಂದ ಈ ತುದಿಯವರೆಗೆ ನೋಡಿದಳು.

"ಸಮವಾಗಿಯೇ ಇದೆ," ಎಂದಳು.

"ಏನಂದೆ ಮಗಳೇ?"

"ಕಾಲು ಜೋಡಿಸಿ ನಿಂತು ಮಾತಾಡು, ತಾತ." ಅವಳು ದಾರವನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿದಳು. ಬೀಗದಕೈಗಳು ಸದ್ದು ಮಾಡಿದವು. "ನಾನು ಎಂಟನೆಯ ದಿನ ಹಿತ್ತಲಿನಿಂದ ಕಳಿಸಿದವರು ಒಂಬತ್ತು ಜನ ಇದ್ದಾರೆ. ಅವರ ಮನೆಗಳು ನಿನಗೆ ಗೊತ್ತು. ಕರೆದುಕೊಂಡು ಬಾ."